ಫ್ಯಾನಿಗೆ ಬಣ್ಣ, ಷಡ್ಡಕನಿಗೆ ಗಾಳಿ

"ಈ ಭಾನುವಾರ ನಮ್ಮನೆ ಫ್ಯಾನು ನೋಡಿ ವಿಶ್ವನಾಥನ ಬಾಯಿ ಮುಚ್ಚಬೇಕು. ಇಲ್ಲದಿದ್ರೆ ನನ್ನ ಹೆಸರು ಶಿಶಿರನೇ ಅಲ್ಲ!"

ಹಳದೀಪುರದ ಶಿಶಿರ ಈ ಘೋರ ಪ್ರತಿಜ್ಞೆ ಮಾಡಿದ್ದು ಅಲುಗಾಡುವ ಸ್ಟೂಲಿನ ಮೇಲೆ ನಿಂತು. ಸ್ಟೂಲು ಹಿಡಿದಿದ್ದ ಹೆಂಡತಿ ಸುಪ್ರಿಯಾ, "ಹೆಸರು ಆಮೇಲೆ ಬದಲಿಸುವಾ, ಮೊದಲು ಇಳೀರಿ," ಅಂದಳು.

ಪ್ರತಿಜ್ಞೆಗೆ ಕಾರಣವಿತ್ತು. ವಿಶ್ವನಾಥನೆಂದರೆ ಸುಪ್ರಿಯಾಳ ಅಕ್ಕ ಮಾಲಿನಿಯ ಗಂಡ, ಭಟ್ಕಳದವನು, ಶಿಶಿರನ ಷಡ್ಡಕ. ಕಡಲಿನ ಉಪ್ಪುಗಾಳಿಗೆ ಶಿಶಿರನ ಮನೆಯ ಫ್ಯಾನಿನ ಅಲ್ಯೂಮಿನಿಯಂ ರೆಕ್ಕೆಗಳು ಬೊಬ್ಬೆ ಎದ್ದು ಬಿಳಿ ಪುಡಿ ಉದುರಿಸುತ್ತಿದ್ದವು. ಕಳೆದ ಸಲ ಬಂದಾಗ ವಿಶ್ವನಾಥ ಆ ಪುಡಿಯನ್ನು ಬೆರಳಲ್ಲಿ ಒರೆಸಿ, "ಪೌಡರಿನ ಖರ್ಚು ಉಳೀತಲ್ಲ ತಮಾ!" ಎಂದು ಕೇರಿಗೆಲ್ಲ ಕೇಳುವ ಹಾಗೆ ನಕ್ಕಿದ್ದ. ಆ ನಗು ಶಿಶಿರನ ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು.

"ಪೇಂಟರನ್ನ ಕರೀಬಾರ್ದಾ?"

"ಅವನಿಗೆಂತ ಗೊತ್ತು? ಅಲ್ಯೂಮಿನಿಯಂ ಅಂದ್ರೆ ಹಾಗೇ ಬಳಿಯೂದಲ್ಲ. ತಿಕ್ಕಬೇಕು, ಜಿಡ್ಡು ತೆಗೀಬೇಕು, ವಿನೆಗರಲ್ಲಿ ತೊಳೀಬೇಕು. ಆಮೇಲೆ ಬೆರಳೂ ತಾಗಬಾರದು!"

"ಎಂತ, ಫ್ಯಾನಿಗೆ ಮಡಿಯಾ?"

"ಮಡಿಯೇ!"

ಶನಿವಾರ ಬೆಳಿಗ್ಗೆ ಯಜ್ಞ ಶುರುವಾಯಿತು. ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ತಿಕ್ಕಿ ರೆಕ್ಕೆಯ ಜೊತೆ ಅವನ ಉಗುರೂ ಸವೆಯಿತು. ಅಡುಗೆಮನೆಯ ವಿನೆಗರ್ ಬಾಟಲಿ ಖಾಲಿಯಾಯಿತು. "ಮೊದಲೇ ಹೇಳಿದ್ರೆ ಮೆಣಸು, ಸಾಸಿವೆನೂ ಕೊಡ್ತಿದ್ದೆ. ವರ್ಷಕ್ಕಾಗುವಷ್ಟು ಫ್ಯಾನಿನ ಉಪ್ಪಿನಕಾಯಿ ಆಗ್ತಿತ್ತು!" ಎಂದಳು ಸುಪ್ರಿಯಾ. ಶಿಶಿರ ರೆಕ್ಕೆಗಳನ್ನು ಹಿತ್ತಲ ಜಗಲಿಯಲ್ಲಿ ಒಣಗಲು ಇಟ್ಟು, ಸುಪ್ರಿಯಾಳ ತಾಯಿ ಗಣಪಿಯಮ್ಮ ಬಡಿಸಿದ್ದನ್ನು ಉಂಡು, ನಿದ್ದೆಹೋದ.

ಎದ್ದು ಬಂದು ನೋಡಿದರೆ, ಅಬ್ಬಾ! ರೆಕ್ಕೆಗಳು ಕನ್ನಡಿಯಂತೆ ಫಳಫಳ! "ನೋಡೇ, ನನ್ನ ವಿನೆಗರಿನ ಪವಾಡ!" ಎಂದು ಕುಣಿದ. ಅದೇ ಉತ್ಸಾಹದಲ್ಲಿ ಪ್ರೈಮರ್ ಬಳಿದ, ಮೇಲೆ ಕೆನೆಬಣ್ಣವನ್ನೂ ಬಳಿದ. ಬಣ್ಣ ಅಲ್ಲಲ್ಲಿ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿ ಗುಂಡಗಾಗುತ್ತಿತ್ತು.

"ಇದೆಂತ ಹೀಗೆ?"

"ಡಿಸೈನು!"

ಭಾನುವಾರ ಮಧ್ಯಾಹ್ನ ವಿಶ್ವನಾಥ ಮಾಲಿನಿಯ ಜೊತೆ ಬಂದ. ಮೇ ತಿಂಗಳ ಸೆಕೆ. ಫ್ಯಾನಿನ ಕೆಳಗೇ ಬಾಳೆಲೆ ಹಾಸಿತ್ತು. ಅವನು ಮೇಲೆ ನೋಡಿ, "ಅಡ್ಡಿಲ್ಲ ತಮಾ, ಹೊಸದು ತಂದ್ಯಾ?" ಅಂದ. ಶಿಶಿರನ ಎದೆ ತದಡಿ ಬಂದರಿನ ದೋಣಿಯ ಪಟದಂತೆ ಉಬ್ಬಿತು! "ನಾನೇ ಮಾಡಿದ್ದು," ಎಂದು ಸ್ವಿಚ್ಚು ಒತ್ತಿದ.

ಫ್ಯಾನು ತಿರುಗಿತು. ಜೋರು ಹಿಡಿಯಿತು. ಬಣ್ಣದ ಒಂದು ಚೂರು ತೇಲುತ್ತಾ ಬಂದು ವಿಶ್ವನಾಥನ ಎಲೆಯ ತುದಿಗೆ ಕೂತಿತು.

ಅವನು ಅದನ್ನೆತ್ತಿ ಹಲ್ಲಲ್ಲಿ ಕಚ್ಚಿ, "ಮಾಲಿನಿ, ಈ ಹಪ್ಪಳ ಮೆತ್ತಗಾಗಿದೆ," ಅಂದ.

ಆಮೇಲೆ ಹಪ್ಪಳಗಳ ಮಳೆ! ಬಂಗಡೆ ಸಾರಿಗೆ ಒಂದು, ಮಾಲಿನಿಯ ಮಲ್ಲಿಗೆಗೆ ಎರಡು, ವಿಶ್ವನಾಥನ ಬೋಳುತಲೆಗೆ ಅಂಗೈಯಗಲದ್ದೊಂದು. ಸುಪ್ರಿಯಾ ಓಡಿಹೋಗಿ ಫ್ಯಾನು ನಿಲ್ಲಿಸಿದಳು.

"ಜಿಡ್ಡೆಲ್ಲ ತೆಗೆದಿದ್ನಲ್ಲ!" ಶಿಶಿರ ಕೂಗಿದ.

"ಅದಕ್ಕೇ ಅಲ್ದಾ ನಾನು ಹಚ್ಚಿದ್ದು?" ಅಡುಗೆಮನೆಯ ಬಾಗಿಲಿಂದ ಅತ್ತೆ ಗಣಪಿಯಮ್ಮನ ದನಿ. "ಮಳೆ ಬರೂಕೆ ಮುಂಚೆ ಕತ್ತಿ, ಬೀಗ, ಚಿಲಕಕ್ಕೆಲ್ಲ ತೆಂಗಿನೆಣ್ಣೆ ತಿಕ್ಕದೆ ಇಡ್ತಾರಾ? ನೀವು ಮಲಗಿದಾಗ ಬೋಳು ರೆಕ್ಕೆ ಕಂಡು ಪಾಪ ಅನಿಸ್ತು ಅಳಿಯಂದಿರೇ. ಮೂರಕ್ಕೂ ಚಲೋ ತಿಕ್ಕಿ ಇಟ್ಟೆ."

ಅತ್ತೆಗೆ ಎದುರಾಡುವಂತಿಲ್ಲ, ಷಡ್ಡಕನಿಗೆ ಮುಖ ತೋರಿಸುವಂತಿಲ್ಲ. ಸುಪ್ರಿಯಾ ಅಡಿಕೆ ಹಾಳೆಯ ಬೀಸಣಿಗೆ ತಂದು ಗಂಡನ ಕೈಗಿಟ್ಟಳು. ಶಿಶಿರ ಷಡ್ಡಕನ ಹಿಂದೆ ನಿಂತು ಬೀಸತೊಡಗಿದ.

ವಿಶ್ವನಾಥ ಹೊಸ ಎಲೆಯಲ್ಲಿ ಎರಡು ತುತ್ತುಂಡು, "ಗಾಳಿ ಸ್ವಲ್ಪ ಕಮ್ಮಿಯಾತು ಮಾರಾಯ. ಈ ಫ್ಯಾನಿನ ರೆಗ್ಯುಲೇಟರ್ ಎಲ್ಲಿ ಅದೆ?" ಎಂದು ಕೇಳಿದ.

ಅನ್ನ ಬಡಿಸುತ್ತಿದ್ದ ಸುಪ್ರಿಯಾ ತಲೆಯೆತ್ತದೆ ಹೇಳಿದಳು: "ಅದು ನನ್ನ ಹತ್ರ ಅದೆ ಭಾವ. ಎಷ್ಟಕ್ಕೆ ಇಡಬೇಕು?"