ಕೂಗಿಗೆ ಸೊನ್ನೆ

"ಇನ್ಮೇಲೆ ಯಾರ ಮುಖಾನೂ ನೋಡಲ್ಲ ಕಣೇ. ನನ್ನ ತಕ್ಕಡಿಗೆ ನೆಂಟರೂ ಇಲ್ಲ, ಇಷ್ಟರೂ ಇಲ್ಲ. ಕಳಪೆ ಅಂದ್ರೆ ಕಳಪೆ, ಅಷ್ಟೇ."

ಇನ್‌ಸ್ಪೆಕ್ಟರ್ ಸಾಹೇಬರು ಊಟದ ಮೇಜನ್ನು ಬೆರಳಿನಿಂದ ಕುಟ್ಟಿ ಈ ಪ್ರತಿಜ್ಞೆ ಮಾಡಿದಾಗ ಅವರ ಹೆಂಡತಿ ಅಡುಗೆಮನೆಯ ಕತ್ತಲಲ್ಲಿ ಉಪ್ಪಿನ ಡಬ್ಬಿಗಾಗಿ ತಡಕಾಡುತ್ತಿದ್ದಳು. ಪ್ರತಿಜ್ಞೆ ಅರ್ಧ ಕೇಳಿಸಿತು, ಡಬ್ಬಿ ಸಿಗಲಿಲ್ಲ.

"ಯಾರನ್ನ ಕೊಲ್ತೀರಿ ಈಗ?" ಎಂದು ಒಳಗಿನಿಂದಲೇ ಕೇಳಿದಳು.

"ಕೊಲ್ಲೋದಲ್ಲ. ಕೊಲ್ಲೋರಿಗೆ ಮಾರ್ಕ್ಸ್ ಹಾಕೋದು."

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯವರು. ಅಂಗಡಿಯ ತಕ್ಕಡಿ, ಬಟ್ಟೆಯ ಮೀಟರ್ ಕಡ್ಡಿ, ಎಣ್ಣೆಯ ಲೀಟರ್ ಅಳತೆ ಎಲ್ಲಕ್ಕೂ ಅವರ ಮುದ್ರೆ ಬೀಳಬೇಕು. ಅವರು ಬೀದಿಗೆ ಕಾಲಿಟ್ಟರೆ ಸಾಕು, ತಕ್ಕಡಿ ತಟ್ಟೆಯ ಮೇಲಿದ್ದ ಅಂಗಡಿಯವರ ಹೆಬ್ಬೆರಳುಗಳು ತಾವಾಗಿ ಮೇಲೇಳುತ್ತಿದ್ದವು. ಆಫೀಸಿನಲ್ಲಿ ಬತ್ತದ ಈ ಉತ್ಸಾಹವನ್ನು ಅವರು ಮನೆಗೂ ತರುತ್ತಿದ್ದರು. ಆದರೆ ಅದನ್ನು ಮನೆಯ ಮೇಲೆ ಖರ್ಚು ಮಾಡದೆ ಸಿನಿಮಾದ ಮೇಲೆ ಸುರಿಯುತ್ತಿದ್ದರು. ಅದೂ ಎಂಥ ಸಿನಿಮಾ? ಒಂದು ಮನೆ, ಐದಾರು ಜನ, ಮುಖವಾಡ ಹಾಕಿದ ಒಬ್ಬ, ಅವನ ಕೈಯಲ್ಲೊಂದು ಚೂರಿ. ಒಬ್ಬೊಬ್ಬರಾಗಿ ಮುಗಿಯುತ್ತಾರೆ, ಕೊನೆಗೆ ಒಬ್ಬಳು ಉಳಿಯುತ್ತಾಳೆ. ಚಂದಾ ಎತ್ತಿ, ಗೆಳೆಯರನ್ನೇ ಹೆಣವಾಗಿ ಮಲಗಿಸಿ ತೆಗೆದ ಅಗ್ಗದ ಸ್ಲ್ಯಾಷರ್ ಚಿತ್ರಗಳೆಂದರೆ ಸಾಹೇಬರಿಗೆ ಪ್ರಾಣ. ಬೇರೆಯವರು ಅವನ್ನು ಹೆದರುವುದಕ್ಕೆ ನೋಡುತ್ತಾರೆ. ಇವರು ತಪ್ಪು ಹಿಡಿಯುವುದಕ್ಕೆ ನೋಡುತ್ತಿದ್ದರು.

ಅದಕ್ಕೆಂದೇ ಅವರ ಬಳಿ ಅಚ್ಚು ಹಾಕಿಸಿದ ನಮೂನೆ ಇತ್ತು. ರಕ್ತಕ್ಕೆ ಇಪ್ಪತ್ತು ಅಂಕ, ಚೂರಿಗೆ ಇಪ್ಪತ್ತು, ಓಡುವುದು ಮತ್ತು ಎಡವುವುದಕ್ಕೆ ಇಪ್ಪತ್ತು, ಕೂಗಿಗೆ ಇಪ್ಪತ್ತು, ನಂಬುವಂತಿದೆಯೇ ಎಂಬುದಕ್ಕೆ ಇಪ್ಪತ್ತು. ಐವತ್ತು ಬಂದರೆ ಪಾಸು. ತೀರ್ಪುಗಳನ್ನು ಫೋನಿನಲ್ಲಿ 'ತಕ್ಕಡಿ' ಎಂಬ ಪುಟದಲ್ಲಿ ಹಾಕುತ್ತಿದ್ದರು. ಅದಕ್ಕೆ ನಾನೂರ ಹನ್ನೆರಡು ಓದುಗರು. "ಕತ್ತಲಿಗೆ ಒಬ್ಬಳೇ ಯಾಕೆ ಹೋದಳು, ಬುದ್ಧಿ ಇಲ್ವಾ?" ಎಂದು ಸಾಹೇಬರು ಬರೆದರೆ ನಾನೂರ ಹನ್ನೆರಡು ಜನವೂ "ಬುದ್ಧಿ ಇಲ್ಲ" ಎಂದು ಒಪ್ಪುತ್ತಿದ್ದರು. ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಇತ್ತು: 'ಈ ತಕ್ಕಡಿಗೂ ಇಲಾಖೆಯ ತಕ್ಕಡಿಗೂ ಒಂದೇ ನಿಯಮ.' ಈ ಸಾಲನ್ನು ಓದುಗರು ಮರೆತರೂ ಚಿಂತೆಯಿಲ್ಲ. ಸಾಹೇಬರು ಮರೆಯಬಾರದಿತ್ತು.

ಅವತ್ತಿನ ಪ್ರತಿಜ್ಞೆಗೆ ಕಾರಣವಿತ್ತು. ಕಿರುಚಿತ್ರ ಬಳಗದವರು ವರ್ಷಕ್ಕೊಮ್ಮೆ ಒಂದು ಭಾನುವಾರ ದೊಡ್ಡ ಹಾಲ್ ಹಿಡಿದು ಇಂಥ ಚಿತ್ರಗಳನ್ನು ತೋರಿಸುತ್ತಿದ್ದರು. ಯಾವುದು ಪರದೆ ಹತ್ತಬೇಕು ಎಂದು ತೂಗುವ ಕೆಲಸ ಈ ಸಲ ಸಾಹೇಬರ ಪಾಲಿಗೆ ಬಂದಿತ್ತು. ತೆಗೆದವರ ಹೆಸರು ಹೇಳುವ ಪದ್ಧತಿಯಿಲ್ಲ, ಬರೀ ನಂಬರು. ಏಳನೇ ನಂಬರಿನ ಚಿತ್ರ ತೆಗೆದವಳು ಅವರ ಸ್ವಂತ ನಾದಿನಿ, ಹೆಂಡತಿಯ ತಂಗಿ ಎಂಬುದು ಸಾಹೇಬರಿಗೊಬ್ಬರಿಗೆ ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಎಂದರೆ ಹೆಂಡತಿ.

ನಾದಿನಿ ಕಟ್ಟುಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಎರಡು ವರ್ಷ ಕೂಡಿಟ್ಟ ಒಂಬತ್ತು ದಿನದ ರಜೆಯನ್ನು ಒಟ್ಟಿಗೆ ಹಾಕಿ ಈ ಚಿತ್ರ ಮುಗಿಸಿದ್ದಳು. ಸಾಹೇಬರು ತಪಾಸಣೆಗೆಂದು ಊರಾಚೆ ಹೋಗಿದ್ದೂ ಅದೇ ಒಂಬತ್ತು ದಿನ. "ಭಾವನಿಗೆ ಹೇಳ್ಲಾ?" ಎಂದು ಅಕ್ಕ ಕೇಳಿದಾಗ ಅವಳು ಆಣೆ ಹಾಕಿಸಿಕೊಂಡಿದ್ದಳು: "ಬೇಡ ಕಣಕ್ಕಾ. ನಾದಿನಿ ಅಂತ ಪಾಸು ಮಾಡಿದ್ರು ಅನ್ನಿಸ್ಕೊಳ್ಳೋದಕ್ಕಿಂತ ಫೇಲಾಗೋದೇ ವಾಸಿ. ಆದ್ರೆ ಆ ಹಾಲ್‌ನಲ್ಲಿ ಒಂದು ಸಲ ತೋರಿಸ್ಬೇಕು ಅಂತ ಜೀವ ಹೊಡ್ಕೊಳ್ತಿದೆ ನೋಡು."

ಶನಿವಾರ ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಸಾಹೇಬರು ಏಳನೇ ನಂಬರನ್ನು ನೋಡಲು ಕೂತರು. ಹೆಂಡತಿ ಪಕ್ಕದಲ್ಲಿ ಬಟ್ಟೆ ಮಡಚುತ್ತ ಕೂತಳು. ಪರದೆಯ ಮೇಲಿನ ಮನೆಯಲ್ಲಿ ಗೋಡೆಗೆಲ್ಲ ಕಪ್ಪು ಹೊದಿಕೆ, ಎಲ್ಲೆಲ್ಲೂ ಕೆಂಪು ದೀಪ, ಕ್ಯಾಮೆರಾ ಮೊಣಕಾಲಿನ ಎತ್ತರದಲ್ಲಿ. ಮೊದಲು ರಕ್ತ ಬಂತು.

"ಈ ರಕ್ತ ತೀರಾ ಕಪ್ಪು. ಆರು ಮಾರ್ಕ್ಸ್ ಕಟ್."

"ನರದಿಂದ ತೆಗೆದ್ರೆ ರಕ್ತ ಕಪ್ಪಗೇ ಇರತ್ತೆ ರೀ." ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನಕ್ಕೆ ಅರವತ್ತು ಜನಕ್ಕೆ ಸೂಜಿ ಚುಚ್ಚುವವಳು.

"ನಿಂಗೆ ಸಿನಿಮಾ ರಕ್ತ ಗೊತ್ತಾಗಲ್ಲ ಬಿಡು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ವಾದ ಮಾಡಿ ಹೆಂಡತಿಗೆ ಅಭ್ಯಾಸ ತಪ್ಪಿತ್ತು. ಇನ್ನೊಂದು ಟವೆಲ್ ಮಡಚಿದಳು. ಅಷ್ಟರಲ್ಲಿ ನಾಯಕಿ ಬಾಗಿಲು ತೆರೆಯಲು ಹೋದಳು. ಬಾಗಿಲ ಹಿಡಿ ಕೈಗೇ ಬಂತು.

"ನೋಡು, ನೋಡು. ಯಾವ ಮನೇಲಿ ಹಿಡಿ ಹೀಗೆ ಕೈಗೆ ಬರತ್ತೆ?"

"ಹೌದಲ್ವಾ? ಯಾವ ಮನೇಲಪ್ಪಾ?" ಎಂದಳು ಹೆಂಡತಿ.

ನಾಯಕಿ ಅಡುಗೆಮನೆಯ ಸ್ವಿಚ್ಚು ಒತ್ತಿದಳು. ದೀಪ ಹತ್ತಲಿಲ್ಲ. "ಹೆದರಿಸೋ ಹಳೇ ತಂತ್ರ" ಎಂದು ಸಾಹೇಬರು ಬರೆದುಕೊಂಡರು. ಕಟ್ಟೆಯ ಮೇಲಿನ ಹಲಗೆಯಿಂದ ಒಂದು ಪಾತ್ರೆ, ಯಾರೂ ಮುಟ್ಟದೆ, ಮೆಲ್ಲಗೆ ಜಾರಿ ಬಿತ್ತು. "ಪಾತ್ರೆಗೇನು ಕಾಲಿದೆಯಾ?" ಎಂದು ಅದನ್ನೂ ಬರೆದುಕೊಂಡರು. ಸದ್ದು ಕೇಳಿದ ನಾಯಕಿಯ ಗಂಡ ಸೋಫಾದಲ್ಲಿ ಕೂತಲ್ಲಿಂದ ತಲೆಯನ್ನೂ ಎತ್ತದೆ "ಏನದು ಸದ್ದು? ಹೋಗಿ ನೋಡು" ಅಂದ.

ಸಾಹೇಬರು ಪೆನ್ನು ಕೆಳಗಿಟ್ಟರು. ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. "ಹೆಂಡತೀನ ಕತ್ತಲಿಗೆ ಕಳಿಸಿ ತಾನು ಆರಾಮಾಗಿ ಕೂತ್ಕೊಳ್ಳೋ ಗಂಡಸು ಪ್ರಪಂಚದಲ್ಲಿ ಇದಾನೇನೇ? ಯಾರು ಬರೀತಾರೆ ಇಂಥದ್ದನ್ನೆಲ್ಲ?"

ಆಗ ಅವರದೇ ಅಡುಗೆಮನೆಯಲ್ಲಿ ಢಣ್ ಎಂದು ಏನೋ ಬಿತ್ತು.

"ಏನದು ಸದ್ದು? ಹೋಗಿ ನೋಡು" ಎಂದರು ಸಾಹೇಬರು, ಪರದೆಯಿಂದ ಕಣ್ಣು ತೆಗೆಯದೆ.

ಹೆಂಡತಿ ಹೋಗಿ ಬಂದಳು. "ಪಾತ್ರೆ. ಜಾರಿ ಬಿತ್ತು."

"ಸರಿ, ಕೂತ್ಕೋ. ಮುಖ್ಯವಾದ ಘಟ್ಟ ಇದು."

ಮುಖ್ಯವಾದ ಘಟ್ಟದಲ್ಲಿ ಮುಖವಾಡದ ಕೊಲೆಗಾರ ದೊಗಲೆ ರೇನ್‌ಕೋಟಿನಲ್ಲಿ ಬಂದು ಆ ಸೋಫಾದ ಗಂಡನನ್ನು ಮುಗಿಸಿದ. ಸಾಯುವ ಮೊದಲು ಗಂಡ ಕೂಗಿದ. ಆ ಕೂಗು ಸಣ್ಣಗೆ ಶುರುವಾಗಿ, ಮೇಲೆ ಮೇಲೆ ಹತ್ತಿ, ತುದಿಯಲ್ಲಿ ಎರಡು ಸಲ ಬಿಕ್ಕಿ ನಿಂತಿತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿಯೂ ನಕ್ಕಳು. ಒಂದೇ ಕೂಗಿಗೆ ಇಬ್ಬರೂ ಬೇರೆ ಬೇರೆ ಕಾರಣಕ್ಕೆ ನಕ್ಕಿದ್ದರು.

ಮಾರನೆಯ ಸಂಜೆ ಬಳಗದ ಸಭೆ ಸೇರಿತು. ಅಧ್ಯಕ್ಷರದು ಕನ್ನಡಕದ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ, ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಕೆಳಗೆ ಹದಿನೈದು ಜನ ಕೂತಿದ್ದರು. ಸಾಹೇಬರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಏಳನೇ ನಂಬರಿನ ತೀರ್ಪು ಓದಿದರು.

"ರಕ್ತ, ಹದಿನಾಲ್ಕು. ಚೂರಿ, ಹನ್ನೆರಡು. ಓಟ ಮತ್ತು ಎಡವುವುದು, ಹತ್ತು. ನಂಬಿಕೆ, ಸೊನ್ನೆ. ಕಾರಣ, ಹಿಡಿ ಕಿತ್ತು ಬರುವ ಬಾಗಿಲು, ಹತ್ತದ ದೀಪ, ತಾನಾಗಿ ಜಾರುವ ಪಾತ್ರೆ, ಹೆಂಡತಿಯನ್ನು ಕತ್ತಲಿಗೆ ಅಟ್ಟುವ ಗಂಡ, ಇವಿಷ್ಟೂ ಒಂದೇ ಮನೆಯಲ್ಲಿ ಇರಲು ಸಾಧ್ಯವಿಲ್ಲ. ಇದ್ದರೆ ಆ ಮನೆಗೆ ಕೊಲೆಗಾರನ ಅಗತ್ಯವಿಲ್ಲ." ಸಭೆ ನಕ್ಕಿತು. ಸಾಹೇಬರು ಉಬ್ಬಿದರು. "ಕೊಲೆಗಾರ ಮೊಳೆಗೆ ನೇತುಹಾಕಿದ ರೇನ್‌ಕೋಟಿನ ಹಾಗಿದ್ದಾನೆ. ಎಳೆಮಗುವೂ ಹೆದರುವುದಿಲ್ಲ. ಇನ್ನು ಕೂಗು. ಬಾಗಿಲ ಸಂದಿಗೆ ಬಾಲ ಸಿಕ್ಕಿದ ಬೆಕ್ಕು ಹೀಗೆ ಕೂಗಬಹುದು, ಬೆಳೆದ ಗಂಡಸು ಕೂಗುವುದಿಲ್ಲ. ಸೊನ್ನೆ. ಒಟ್ಟು ಮೂವತ್ತಾರು. ಫೇಲು."

ಹಿಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕೂತಿದ್ದ ನಾದಿನಿ ಎದ್ದು ನಿಂತಳು. ಅವಳ ಕಣ್ಣಂಚು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಏಳನೇ ನಂಬರ್ ನಂದು ಭಾವ."

ಸಾಹೇಬರು ಹಾಳೆ ಕೆಳಗಿಳಿಸಿದರು. ಹೆಂಡತಿಯ ಕಡೆ ನೋಡಿದರು. ಹೆಂಡತಿ ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಸಣ್ಣದರವರೆಗೆ ಓದುತ್ತಿದ್ದಳು. ಆದರೆ ಪ್ರತಿಜ್ಞೆ ಪ್ರತಿಜ್ಞೆಯೇ. "ಬೇಜಾರು ಮಾಡ್ಕೋಬೇಡಮ್ಮಾ. ತಕ್ಕಡಿಗೆ ನೆಂಟರಿಲ್ಲ" ಎಂದರು, ಮೊದಲಿಗಿಂತ ಮೆಲ್ಲಗೆ.

"ಬೇಜಾರೇನಿಲ್ಲ. ಮರುತೂಕ ಬೇಕು."

"ಸಿನಿಮಾಗೆ ಎಲ್ಲಿಯ ಮರುತೂಕ?"

"ಅಂಗಡಿಯವರು ಒಪ್ಪದೇ ಇದ್ರೆ ಇನ್‌ಸ್ಪೆಕ್ಟರೇ ಆ ಜಾಗಕ್ಕೆ ಹೋಗಿ, ಸಾಕ್ಷಿ ಇಟ್ಕೊಂಡು, ತನ್ನ ಕೈಯಾರೆ ಮತ್ತೆ ತೂಗಿ ನೋಡ್ಬೇಕು ಅಂತ ನೀವೇ ಹೇಳ್ತಿರ್ತೀರಲ್ಲ ಭಾವ. 'ಈ ತಕ್ಕಡಿಗೂ ಇಲಾಖೆಯ ತಕ್ಕಡಿಗೂ ಒಂದೇ ನಿಯಮ.' ನಿಮ್ಮ ಪುಟದಲ್ಲೇ ಇದೆ. ನಾನು ಸಿನಿಮಾ ತೆಗೆದ ಮನೇಗೆ ಬನ್ನಿ. ಎಲ್ಲಾ ಇದ್ದಲ್ಲೇ ಇದೆ."

ಅಧ್ಯಕ್ಷರು ಫೋನು ತೆಗೆದು, ಕನ್ನಡಕ ಏರಿಸಿ, ಆ ಸಾಲನ್ನು ಎರಡು ಸಲ ಓದಿದರು. "ನಿಯಮ ಅಂದ್ರೆ ನಿಯಮ ಸಾಹೇಬ್ರೇ. ನಡೀರಿ, ನಾನೇ ಸಾಕ್ಷಿ."

ಹೊತ್ತು ಮುಳುಗಿ ಸ್ವಲ್ಪ ಹೊತ್ತಾಗಿತ್ತು. ನಾದಿನಿ ಮುಂದೆ, ಸಾಹೇಬರು ಮತ್ತು ಅಧ್ಯಕ್ಷರು ಹಿಂದೆ, ಎಲ್ಲರ ಹಿಂದೆ ಹೆಂಡತಿ. ಇಸ್ತ್ರಿ ಅಂಗಡಿಯ ಹತ್ತಿರ ಎಡಕ್ಕೆ ತಿರುಗಿದರು.

"ನಮ್ಮ ಕಡೇನೇ ತೆಗೆದಿದೀಯಾ?" ಎಂದರು ಸಾಹೇಬರು.

ಕ್ಷೌರದಂಗಡಿ ದಾಟಿ ಬಲಕ್ಕೆ ತಿರುಗಿದರು.

"ಅರೆ, ನಮ್ಮ ಬೀದೀಲೇ ಅಂಥ ಮನೆ ಇದೆಯಾ? ಯಾರೋ ಶುದ್ಧ ಬೇಜವಾಬ್ದಾರಿ ಮನುಷ್ಯ ಇರ್ಬೇಕು."

"ತೀರಾ ಹಾಗೇನಿಲ್ಲ, ಮನುಷ್ಯ ಒಳ್ಳೆಯವರೇ" ಎಂದಳು ಹಿಂದಿನಿಂದ ಹೆಂಡತಿ.

ನಾದಿನಿ ಒಂದು ಗೇಟಿನ ಮುಂದೆ ನಿಂತಳು. ಆ ಗೇಟಿನ ಮೇಲೆ ಸಾಹೇಬರ ಹೆಸರಿನ ಹಲಗೆ ಇತ್ತು. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ಸಾಹೇಬರು ಎಷ್ಟೋ ಅಂಗಡಿಯವರಿಗೆ ಹೇಳಿದ್ದರು. ಈಗ ಅವರಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ.

"ಇದು... ನಮ್ಮನೆ."

"ಹೌದು ಭಾವ."

"ನಂಗೆ ಗುರ್ತೇ ಸಿಗ್ಲಿಲ್ವಲ್ಲೇ?"

"ಮನೇಲಿದ್ದಾಗ ತಲೆ ಎತ್ತಿ ನೋಡಿದ್ರೆ ತಾನೇ?" ಎಂದಳು ಹೆಂಡತಿ.

"ತೂಗಿ ಸಾಹೇಬ್ರೇ" ಎಂದು ಅಧ್ಯಕ್ಷರು ಅಂಕಪಟ್ಟಿ ಬಿಡಿಸಿ ಹಿಡಿದರು. ಸಾಹೇಬರು ಬಾಗಿಲ ಹಿಡಿ ತಿರುಗಿಸಿದರು. ಹಿಡಿ ಕೈಗೆ ಬಂತು. ದಿನವೂ ಅವರು ಬರುವ ಹೊತ್ತಿಗೆ ಹೆಂಡತಿ ಒಳಗಿನಿಂದ ಬಾಗಿಲು ತೆರೆದಿಟ್ಟಿರುತ್ತಿದ್ದುದರಿಂದ ಈ ಅನುಭವ ಅವರಿಗೆ ಹೊಸದು. ಹೆಂಡತಿ ಹಿಡಿಯನ್ನು ಅವರ ಕೈಯಿಂದ ತೆಗೆದುಕೊಂಡು, ಬಾಗಿಲ ಬುಡಕ್ಕೆ ಹದವಾಗಿ ಒಂದು ಒದೆ ಕೊಟ್ಟಳು. ಬಾಗಿಲು ತೆರೆಯಿತು.

ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಸ್ವಿಚ್ಚು ಒತ್ತಿದರು. ಟಪ್. ಇನ್ನೊಮ್ಮೆ, ಟಪ್. ಕತ್ತಲು ಹಾಗೇ ಇತ್ತು.

"ಎಷ್ಟು ದಿನದಿಂದ?" ಎಂದು ಮೆಲ್ಲಗೆ ಕೇಳಿದರು.

"ಮೂರು ವರ್ಷ. ನೀವು 'ಭಾನುವಾರ ನೋಡೋಣ' ಅಂದಿದ್ರಿ."

ಒಳಗೆ ಢಣ್ ಎಂದು ಸದ್ದಾಯಿತು. ಸಾಹೇಬರೇ ಮೊಳೆ ಹೊಡೆದು ಕೂರಿಸಿದ ಹಲಗೆ ಅದು. ಪಾತ್ರೆ ಜಾರುತ್ತದೆ ಎಂದು ಹೆಂಡತಿ ಅಂದಾಗ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕಿದ್ದರು. ಊರಿನ ಅಳತೆಗಳಿಗೆಲ್ಲ ಮುದ್ರೆ ಒತ್ತುವವರು ಮಟ್ಟ ನೋಡದೆ ಹೊಡೆದ ಹಲಗೆ ಒಂದು ಕಡೆಗೆ ಬೆರಳಷ್ಟು ವಾಲಿತ್ತು. ಸದ್ದು ಕೇಳುತ್ತಲೇ ಅಭ್ಯಾಸಬಲದಿಂದ ಅವರ ತಲೆ ಹೆಂಡತಿಯತ್ತ ತಿರುಗಿತು.

"ಏನದು ಸದ್ದು? ಹೋಗಿ..."

ಅಧ್ಯಕ್ಷರ ಪೆನ್ನು ಗಾಳಿಯಲ್ಲಿ ನಿಂತಿತು. ನಾದಿನಿ ಅಕ್ಕನ ಮುಖ ನೋಡಿದಳು.

"...ಹೋಗಿ ನೋಡ್ಕೊಂಡು ಬರ್ತೀನಿ" ಎಂದು ಸಾಹೇಬರು ವಾಕ್ಯ ಮುಗಿಸಿದರು. ಮದುವೆಯಾದ ಮೇಲೆ ಆ ವಾಕ್ಯ ಹಾಗೆ ಮುಗಿದದ್ದು ಅದೇ ಮೊದಲು.

ಗೋಡೆ ಹಿಡಿದುಕೊಂಡು ಒಳಗೆ ಹೋದರು. ಕಟ್ಟೆ ತಡಕಿದರು, ಬಿದ್ದ ಪಾತ್ರೆ ಕಾಲಿಗೆ ಸಿಕ್ಕಿತು. ಈ ಕತ್ತಲಿಗೆ ಅವಳು ದಿನಕ್ಕೆ ಎಷ್ಟು ಸಲ ಬಂದು ಹೋಗುತ್ತಾಳೋ ಎಂದು ಯೋಚಿಸಿ ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಹಿಂದಕ್ಕೆ ತಿರುಗಿದಾಗ ಬಾಗಿಲ ಹಿಂದಿನಿಂದ ತಣ್ಣಗಿನ ಒಂದು ತೋಳು ಅವರ ಕೆನ್ನೆಯನ್ನು ಸವರಿತು.

ಹೊರಗಿದ್ದವರಿಗೆ ಕೂಗು ಕೇಳಿಸಿತು. ಸಣ್ಣಗೆ ಶುರುವಾಗಿ, ಮೇಲೆ ಮೇಲೆ ಹತ್ತಿ, ತುದಿಯಲ್ಲಿ ಎರಡು ಸಲ ಬಿಕ್ಕಿ ನಿಂತಿತು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಸಿನಿಮಾದಲ್ಲಿದ್ದದ್ದು ಇದೇ ಕೂಗಲ್ವೇನಮ್ಮಾ?"

"ಇದೇ ಸಾರ್" ಎಂದಳು ನಾದಿನಿ. "ಹೋದ ತಿಂಗಳು ಅಕ್ಕ ನಂಗೆ ವಾಯ್ಸ್ ಮೆಸೇಜ್ ಕಳಿಸ್ತಾ ಇದ್ಲು. ಆಗ ಭಾವ ಬಚ್ಚಲುಮನೇಲಿ ಜಿರಳೆ ಕಂಡಿದ್ರು."

ಅವಳು ಫೋನಿನ ಟಾರ್ಚು ಹಚ್ಚಿದಳು. ಬೆಳಕಿನಲ್ಲಿ ಸಾಹೇಬರು ಕಟ್ಟೆಗೆ ಒರಗಿ ನಿಂತಿದ್ದರು. ಬಾಗಿಲ ಹಿಂದಿನ ಮೊಳೆಯಲ್ಲಿ ಅವರದೇ ರೇನ್‌ಕೋಟು ತೂಗಾಡುತ್ತಿತ್ತು. ಕೊಲೆಗಾರನಿಗೆ ತೊಡಿಸಿ, ರಕ್ತದ ಬಣ್ಣ ಹೋಗಲೆಂದು ಇನ್ನೊಮ್ಮೆ ಒಗೆದು, ಹೆಂಡತಿ ಆರಲು ಹಾಕಿದ್ದು. ಎಳೆಮಗುವೂ ಹೆದರುವುದಿಲ್ಲ ಎಂಬ ಸಾಲನ್ನು ಅಧ್ಯಕ್ಷರು ಗಟ್ಟಿಯಾಗಿ ಓದಲಿಲ್ಲ. ದೊಡ್ಡ ಮನುಷ್ಯರು.

ಸಾಹೇಬರು ಕೈಚಾಚಿ ಅಂಕಪಟ್ಟಿ ಇಸಿದುಕೊಂಡರು. ಕೂಗಿನ ಮುಂದಿದ್ದ ಸೊನ್ನೆ ಹೊಡೆದು ಇಪ್ಪತ್ತು ಬರೆದರು. ನಂಬಿಕೆಯ ಮುಂದಿದ್ದ ಸೊನ್ನೆ ಹೊಡೆದು ಅಲ್ಲೂ ಇಪ್ಪತ್ತು ಬರೆದರು. ಇಲಾಖೆಯ ಪದ್ಧತಿಯಂತೆ ಎರಡೂ ತಿದ್ದುಪಡಿಗೆ ಸಹಿ ಹಾಕಿದರು. "ಎಪ್ಪತ್ತಾರು. ಬರೋ ಭಾನುವಾರ ಹಾಲ್‌ನಲ್ಲಿ ನಿನ್ನ ಸಿನಿಮಾನೇ ಮೊದಲು ಕಣಮ್ಮಾ" ಎಂದರು. ನಾದಿನಿ ಅಷ್ಟು ಹೊತ್ತು ತಡೆದಿದ್ದ ಅಳುವನ್ನು ಅಕ್ಕನ ಹೆಗಲ ಮೇಲೆ ಹೊರಗೆ ಬಿಟ್ಟಳು.

ಸಾಹೇಬರು ಪೆನ್ನು ಮುಚ್ಚದೆ ಹೆಂಡತಿಯ ಮುಖ ನೋಡಿದರು. "ಇನ್ನೂ ಯಾವುದಕ್ಕಾದ್ರೂ ಹಾಕೋದು ಬಾಕಿ ಇದೆಯೇನೇ?"

ಹೆಂಡತಿ ತಂಗಿಯ ಬೆನ್ನು ಸವರುತ್ತಲೇ ಇನ್ನೊಂದು ಕೈಯಲ್ಲಿದ್ದ ಬಾಗಿಲ ಹಿಡಿಯನ್ನು ಗಂಡನ ಅಂಗೈಯಲ್ಲಿ ಇಟ್ಟಳು.

"ಮಾರ್ಕ್ಸ್ ಹಾಕಿದ್ದು ಸಾಕು ರೀ. ಸ್ಕ್ರೂ ಹಾಕಿ."