ಹೌದು, ಅಷ್ಟೇ ಅಲ್ಲ

ಅವನಿಗೆ ಕಲ್ಪನಾಶಕ್ತಿ ಇರಲಿಲ್ಲ. ಬೇರೆ ಕೆಲಸದಲ್ಲಿದ್ದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ಪೇಂಟ್ ಕಂಪನಿಯಲ್ಲಿ ಹೊಸ ಬಣ್ಣಗಳಿಗೆ ಹೆಸರಿಡುವ ಗುಮಾಸ್ತ. ಒಂದು ಹಸಿರು ಬಂದರೆ 'ಹಸಿರು ನಂಬರ್ ಒಂದು' ಎನ್ನುತ್ತಿದ್ದ, ಇನ್ನೊಂದು ಬಂದರೆ 'ನಂಬರ್ ಎರಡು'. ಆಫೀಸಿನವರು ಅವನಿಗೇ ನಂಬರಣ್ಣ ಎಂದು ಹೆಸರಿಟ್ಟಿದ್ದರು.

ಸೋಮವಾರ ಸಂಜೆಯೊಳಗೆ ಗಿರಾಕಿ ತಿರುಗಿ ನೋಡುವಂಥ ಹೆಸರುಗಳು ಬರದಿದ್ದರೆ ಗೋಡೌನಿಗೆ ವಾಪಸ್ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದರು. ಕಿಟಕಿ ಪಕ್ಕದ ಮೇಜು, ತಲೆಯ ಮೇಲಿನ ಫ್ಯಾನು, ಎರಡೂ ಹೋಗುತ್ತವೆ. ಗೋಡೌನು ಅವನಿಗೆ ಹೊಸದಲ್ಲ. ಅಲ್ಲಿದ್ದಾಗ ಪೇಂಟ್ ತೆಳುಮಾಡುವ ಥಿನ್ನರ್ ವಾಸನೆಗೆ ತಲೆ ಸಿಡಿದು, ಮನೆಗೆ ಬಂದು ಹೆಂಡತಿಯ ಮೇಲೆ ರೇಗುತ್ತಿದ್ದ. ಹಾಗಾಗಿ ಹೆಂಡತಿಯೇ ಅವನನ್ನು ಭಾನುವಾರದ ತರಬೇತಿಗೆ ಅಟ್ಟಿದಳು. ಮೊದಲೇ ಬರೆದಿಟ್ಟ ಮಾತಿಲ್ಲದೆ, ನಿಂತಲ್ಲೇ ಹೊಳೆದದ್ದನ್ನು ಆಡಿ ನಗಿಸುವ ನಾಟಕದವರ ತರಬೇತಿ ಅದು. ಮೇಷ್ಟರು ಕಲಿಸಿದ್ದು ಒಂದೇ ಸೂತ್ರ. ಎದುರಿನವರು ಏನೇ ಹೇಳಲಿ, 'ಇಲ್ಲ' ಅನ್ನಕೂಡದು. 'ಹೌದು, ಅಷ್ಟೇ ಅಲ್ಲ' ಎಂದು ಶುರುಮಾಡಿ ತನ್ನದೊಂದು ತುಣುಕು ಸೇರಿಸಬೇಕು. ಒಂದು ದಿನ ಪೂರ್ತಿ ಹೀಗೆ ಮಾಡಿದರೆ ತಲೆಯ ತುಕ್ಕೆಲ್ಲ ಉದುರುತ್ತದಂತೆ.

ಸೋಮವಾರ ಬೆಳಿಗ್ಗೆ ಗೇಟಿನಲ್ಲೇ ಪಕ್ಕದ ಮನೆ ಆಂಟಿ ಸಿಕ್ಕರು.

"ಪೇಂಟ್ ಕಂಪನಿಯವರ ಮನೆ ಬಾಗಿಲು ಹಿಂಗಾ ಇರೋದು? ಎಷ್ಟು ಮಂಕಾಗಿದೆ ನೋಡಪ್ಪ."

"ಹೌದು ಆಂಟಿ, ಅಷ್ಟೇ ಅಲ್ಲ, ಒಳಗಿನ ಬಿಳಿ ಗೋಡೆ ಇನ್ನೂ ಮಂಕು."

"ನನ್ನ ತಮ್ಮ ಕೆಲಸ ಇಲ್ದೆ ಕೂತಿದಾನೆ. ಇವತ್ತೇ ಕಳಿಸ್ಲಾ?"

"ಹೌದು, ಅಷ್ಟೇ ಅಲ್ಲ, ಬಣ್ಣಾನೂ ಅವನೇ ಆರಿಸ್ಲಿ."

ಅವನ ಮೈ ಜುಮ್ಮೆಂದಿತು. ನಾಲಿಗೆ ಇಳಿಜಾರಿನಲ್ಲಿ ಬ್ರೇಕ್ ಕಿತ್ತ ಸೈಕಲ್ಲಿನಂತೆ ಓಡುತ್ತಿತ್ತು. ಆಫೀಸಿನಲ್ಲಿ ಕ್ಯಾಷಿಯರ್, ಏನು ನಂಬರಣ್ಣ, ಮುಖ ಅರಳಿದೆ, ಇವತ್ತು ಟೀ ನಿಂದೇನಾ ಎಂದು ಕೆಣಕಿದ. ನಂಬರಣ್ಣ ಅದಕ್ಕೂ ಹೌದೆಂದು, ಗೋಡೌನಿನವರಿಗೂ ಸೇರಿಸಿ ಬಿಸ್ಕತ್ತು ತರಿಸಿದ.

ಮಧ್ಯಾಹ್ನ ಮ್ಯಾನೇಜರು ಬಣ್ಣದ ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ಮೊದಲನೆಯ ಹಸಿರನ್ನು ಕಂಡು ಮೂಗು ಮುರಿದರು.

"ಇದೇನ್ರೀ, ಪಾಚಿ ಇದ್ದಂಗಿದೆ."

"ಹೌದು ಸರ್, ಅಷ್ಟೇ ಅಲ್ಲ, ಕಾಲಿಟ್ಟವರನ್ನ ಬೀಳಿಸೋ ಪಾಚಿ. 'ಮೆಟ್ಟಿಲ ತುಂಟ' ಅನ್ನೋಣ."

ಮ್ಯಾನೇಜರು ಕನ್ನಡಕ ತೆಗೆದು ಅವನನ್ನು ನೋಡಿದರು. ಬೂದು ಬಣ್ಣ ಎತ್ತಿ, ಇದು ನಮ್ಮ ಮಾವನ ಮುಖ ಎಂದರು. ಹೌದು, ಅಷ್ಟೇ ಅಲ್ಲ, ಅಳಿಯ ಹಾಡೋಕೆ ಶುರುಮಾಡಿದಾಗಿನ ಮುಖ ಎಂದ ನಂಬರಣ್ಣ. ಅದು 'ಮಾವನ ಮೌನ' ಆಯಿತು. ಕುದಿದು ಕೆಟ್ಟ ಟೀ ಎಂದು ಮ್ಯಾನೇಜರು ಹಳಿದ ಕಂದು, ನೆಂಟರು ಎದ್ದು ಹೋಗಲೆಂದು ಕೊಟ್ಟ 'ಎರಡನೇ ಲೋಟ'ವಾಯಿತು. ಅಕ್ಕಪಕ್ಕದ ಮೇಜಿನವರು ಕುರ್ಚಿ ಎಳೆದುಕೊಂಡು ಬಂದರು. ಕ್ಯಾಷಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆಯ ಹೊತ್ತಿಗೆ ಒಂದು ಚೀಟಿಯೂ ಬಾಕಿ ಉಳಿಯಲಿಲ್ಲ. ನಂಬರಣ್ಣ ಫ್ಯಾನಿನ ಕೆಳಗೆ, ಮೇಜಿನ ಅಂಚನ್ನು ಪ್ರೀತಿಯಿಂದ ಸವರುತ್ತ ಕುಳಿತಿದ್ದ.

ಮ್ಯಾನೇಜರು ಚೀಟಿಗಳನ್ನು ಜೋಡಿಸುತ್ತ ಯೋಚನೆಗೆ ಬಿದ್ದರು.

"ಅಲ್ಲಯ್ಯಾ, ಪಾಚಿ ಅಂದಿದ್ದು ನಾನು. ಮಾವ ಅಂದಿದ್ದೂ ನಾನು, ಟೀ ಅಂದಿದ್ದೂ ನಾನು. ಹೆಸರೆಲ್ಲ ನನಗೇ ಹೊಳೆದಂಗಾಯ್ತಲ್ವಾ?"

ನಂಬರಣ್ಣನ ಗಂಟಲಲ್ಲಿ 'ಇಲ್ಲ' ಎದ್ದು ನಿಂತಿತು. ಆದರೆ ಬೆಳಗಿನಿಂದ ಓಡಿದ ನಾಲಿಗೆ ಕಾಯಲಿಲ್ಲ.

"ಹೌದು ಸರ್, ಅಷ್ಟೇ ಅಲ್ಲ, ನಾನು ಬರೀ ಬಾಲ ಅಂಟಿಸಿದ್ದು."

"ಹಂಗಾದ್ರೆ ಈ ಕೆಲಸಕ್ಕೆ ಅಂತ ಬೇರೆ ಒಬ್ಬ ಯಾಕೆ?"

"ಹೌದು ಸರ್, ಅಷ್ಟೇ ಅಲ್ಲ, ಈ ಫ್ಯಾನೂ ದಂಡ."

ಮ್ಯಾನೇಜರು ತುಂಬ ಖುಷಿಯಾಗಿ ಕೈ ಕುಲುಕಿದರು. ಇಷ್ಟು ಪ್ರಾಮಾಣಿಕ ಮನುಷ್ಯ ಗೋಡೌನಿಗೇ ಬೇಕು ಎಂದರು.

ಮನೆಗೆ ಬಂದರೆ ಆಂಟಿಯ ತಮ್ಮ ಕೆಲಸ ಮುಗಿಸಿ ಹೋಗಿದ್ದ. ಬಾಗಿಲು ಬೂದು, ಗೋಡೆಗಳು ಬೂದು, ಕಿಟಕಿಯ ಸರಳುಗಳೂ ಬೂದು. ಮಾವನ ಮೌನಕ್ಕೆ ಒಡಹುಟ್ಟಿದ ಬಣ್ಣ. ಒಳಗೆ ಕಾಲಿಟ್ಟ ಕೂಡಲೇ ಥಿನ್ನರ್ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಹೆಂಡತಿ ಮೂಗಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ಇದರ ವಿಚಾರ ಆಮೇಲೆ ಮಾತಾಡ್ತೀನಿ. ಮೊದ್ಲು ಹೇಳಿ, ಮೇಜು ಉಳೀತಾ?"

"ಇಲ್ಲ."

ಆ ದಿನ ಅವನು ಹೇಳಿದ ಮೊದಲ 'ಇಲ್ಲ' ಅದೇ.

ಹೋದದ್ದು ಒಂದು ಮೇಜು, ಒಂದು ಫ್ಯಾನು, ಒಂದು ಕಿಟಕಿ ಮತ್ತು ಒಂದು ಮನೆಯ ಬಿಳಿ ಗೋಡೆಗಳು.