ಬೀಸುವ ಕಲ್ಲು ಹೊತ್ತ ಸೈಕಲ್ಲು

ಸೈಕಲ್ಲಿನ ಮೇಲೆ ಕುಳಿತರೆ ನನಗೆ ದಾರಿ ಕಾಣುವುದಿಲ್ಲ, ಬರೀ ದೂರ ಕಾಣುತ್ತದೆ. ನಿವೃತ್ತಿಯಾದ ಮೇಲೆ ಚಾಮರಾಜನಗರದಿಂದ ಒಂದು ಸೈಕಲ್ಲು ತಂದು, ಗಟ್ಟಿ ಕ್ಯಾರಿಯರ್ ಹಾಕಿಸಿ, ಎರಡೂ ಪಕ್ಕಕ್ಕೆ ಚೀಲ ಇಳಿಬಿಟ್ಟಿದ್ದೆ. ಗುಂಡ್ಲುಪೇಟೆಯ ನಮ್ಮ ಜಗಲಿಯಲ್ಲಿ ಕೂತೇ ಎಷ್ಟೋ ಕಾಡುದಾರಿಗಳನ್ನು ದಾಟಿಯೂ ಆಗಿತ್ತು. ನಿಜವಾಗಿ ಹೊರಡಲು ನೆಪವೊಂದು ಬೇಕಿತ್ತು, ಅಷ್ಟೆ.

ಭೀಮನಬೀಡಿನಲ್ಲಿರುವ ನಾದಿನಿ ಶಿವಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ಅರಿಶಿನ ಬೀಸುವ ಶಾಸ್ತ್ರಕ್ಕೆ ತೀರಿಹೋದ ತಮ್ಮ ತಾಯಿಯ ಬೀಸುವ ಕಲ್ಲೇ ಆಗಬೇಕೆಂದು ಶಿವಮ್ಮನ ಹಟ. ಆ ಕಲ್ಲು ನಮ್ಮ ಮನೆಯಲ್ಲಿತ್ತು.

"ಆಟೋದಲ್ಲಿ ಆಕ್ಕೊಂಡು ಓಗನ," ಎಂದಳು ಹೆಂಡತಿ.

"ಎರಡು ಹೋಳು, ಎರಡು ಚೀಲ. ಹೇಳಿ ಮಾಡಿಸಿದಂಗದೆ!" ಎಂದೆ.

"ಚಕ್ರ ತಡದದಾ?"

"ಮಣ್ಣುದಾರಿಗೇಂತ್ಲೇ ಮಾಡಿರೋದು ಕಣೆ."

ಅವಳು ಎರಡೂ ಹೋಳಿಗೆ ಹಳೆಯ ಸೀರೆ ಸುತ್ತಿಕೊಟ್ಟು, ತಾನು ಬಸ್ಸು ಹತ್ತಿದಳು.

ನಾನು ಟಾರು ರಸ್ತೆ ಬಿಟ್ಟು ಹೊಲದ ದಾರಿ ಹಿಡಿದೆ. ಎರಡೂ ಕಡೆ ಚೆಂಡುಹೂವು, ಆಚೆ ಮಂಜು ಹೊದ್ದ ಬೆಟ್ಟ. ಯಾವುದೋ ಹೆಸರಿಲ್ಲದ ದೇಶದಲ್ಲಿ ಹೋಗುತ್ತಿದ್ದೇನೆ, ಸಂಜೆಗೆ ಎಲ್ಲಿ ತಂಗುವೆನೋ ತಿಳಿಯದು ಎಂದುಕೊಳ್ಳುತ್ತಿದ್ದಾಗ ಹಿಂದಿನ ಚಕ್ರ ಕೊರಕಲಿಗೆ ಇಳಿದು 'ಟಿಣ್' ಎಂದಿತು. ತಂತಿ ಮೀಟಿದಂತೆ ಇಂಪಾಗಿತ್ತು. ಮತ್ತೆ 'ಟಿಣ್'. ಕಡಿಯುತ್ತಿರುವುದು ಚಕ್ರದ ಕಡ್ಡಿಗಳು ಎಂದು ಹೊಳೆಯುವಷ್ಟರಲ್ಲಿ ರಿಮ್ಮು ಹಪ್ಪಳದಂತೆ ಸೊಟ್ಟಗಾಗಿ, ನಾನು ಹೂವಿನ ನಡುವೆ ಮಲಗಿದ್ದೆ. ಆಕಾಶ ಬಹಳ ಚೆನ್ನಾಗಿ ಕಾಣುತ್ತಿದ್ದರಿಂದ ಕೂಡಲೇ ಏಳಲಿಲ್ಲ.

"ಏನ್ ಸಾಮಿ, ಉಸ್ರು ಅದಾ?" ಹೂ ಕೀಳುತ್ತಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿದಳು.

ಆಗ ದಡಬಡನೆ ಎದ್ದು ಕೂತೆ. "ನನ್ನ ಬುಡಮ್ಮ, ಕಲ್ಲು ನೋಡು! ಒಡೆದದಾ?"

ಅಕ್ಕತಂಗಿಯರಿಗೆ ತಾಯಿಯ ನೆನಪೆಂದು ಉಳಿದಿದ್ದುದು ಅದೊಂದೇ. ಹೂವಿನವಳು ಕಲ್ಲಿಗೆ ಸುತ್ತಿದ್ದ ಸೀರೆ ಬಿಚ್ಚಿ ತಟ್ಟಿ ನೋಡಿದಳು. "ಏನೂ ಆಗಿಲ್ಲ ಕನಿ." ನನ್ನ ಮಂಡಿ ಉರಿಯತೊಡಗಿದ್ದು ಆಮೇಲೆ.

ಅವಳು ಸಿಂಬಿ ಇಟ್ಟು ಒಂದು ಹೋಳು ತಲೆಗೆತ್ತಿಕೊಂಡಳು. "ಇನ್ನೊಂದ ನೀವು ಉಳ್ಳುಸ್ಕಂಡು ಬನ್ನಿ." ಸೈಕಲ್ಲನ್ನು ಹೊಲದಲ್ಲೇ ಬಿಟ್ಟು ಉರುಳಿಸಿದೆ. ಊರ ಮುಂದಿನ ಇಳಿಜಾರಿನಲ್ಲಿ ಕಲ್ಲು ಕೈತಪ್ಪಿ ತಾನೇ ಓಡಿತು. "ದಾರಿ ಬುಡಿ, ದಾರಿ ಬುಡಿ!" ಎಂದು ಕೂಗುತ್ತ ನಾನು ಹಿಂದೆ. ಅದು ಮದುವೆ ಮನೆಯ ಚಪ್ಪರದ ಪಕ್ಕದ ಹುಲ್ಲುಮೆದೆಗೆ ತಗುಲಿ ನಿಂತಿತು.

ಶಾಸ್ತ್ರ ಶುರುವಾಯಿತು. ಅಕ್ಕತಂಗಿ ಎದುರುಬದುರು ಕೂತು ಗೂಟ ಹಿಡಿದರು. ತಾಯಿಯ ನೆನಪಾಗಿ ಇಬ್ಬರ ಕಣ್ಣೂ ತುಂಬಿತ್ತು. ಅಷ್ಟರಲ್ಲಿ ಶಿವಮ್ಮ ನನ್ನತ್ತ ನೋಡಿ, ಕಣ್ಣೊರೆಸಿಕೊಂಡು ರಾಗ ಎತ್ತಿದಳು:

"ಕಲ್ಲು ಬಂತು ಮುಂದ ಮುಂದ, ಭಾವ ಬಂದ್ರು ಹಿಂದ ಹಿಂದ, ಸೈಕಲ್ಲೆಲ್ಲಿ ಸೋಬಾನವೇ..."

ಚಪ್ಪರವೆಲ್ಲ ಗೊಳ್ಳೆಂದಿತು. ಹೆಂಡತಿ ಓರೆಗಣ್ಣಿನಲ್ಲಿ ನನ್ನ ಮುಖ ನೋಡಿದಳು. ನನಗೆ ನಾಚಿಕೆಯಾಗಬೇಕಿತ್ತು. ಆದರೆ ಮೊದಲ ಪ್ರವಾಸಕ್ಕೇ ಯಾರ ಮೇಲೆ ಪದ ಕಟ್ಟಿದ್ದಾರೆ ಹೇಳಿ!

"ಶಿವಮ್ಮ," ಎಂದೆ, "ಗದ್ದಲದಲ್ಲಿ ಸರಿಯಾಗಿ ಕೇಳಿಸನಿಲ್ಲ. ಇನ್ನೊಂದ್ಸಲ ಹೇಳವ್ವ."